ಮೂರು ವಾರದ ಕಿರ್ದಿ

ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೊರಟರೆ ಬಳ್ಳಿಗಾವಿ, ತಾಳಗುಂದ ಎರಡೂ ಹತ್ತಿರದಲ್ಲೇ ಸಿಗುತ್ತವೆ. ಕಂಪ್ಯೂಟರ್ ರಿಪೇರಿಗೆಂದು ಈ ಎರಡು ತಾಲ್ಲೂಕುಗಳಲ್ಲಿ ಓಡಾಡುತ್ತಿದ್ದ ದಿನಗಳಲ್ಲಿ, ಬೈಕು ನಿಲ್ಲಿಸಿ ಅಲ್ಲಿನ ಶಾಸನಗಳನ್ನು ನೋಡುವುದು ನನಗೆ ರೂಢಿಯಾಗಿತ್ತು. ಆ ಕಲ್ಲುಗಳಿಗೂ ನನ್ನ ಕಸುಬಿಗೂ ನಂಟಿದೆ ಎಂದು ತಿಳಿದದ್ದು ಮಾತ್ರ ಕೆಟ್ಟುಹೋದ ಒಂದು ಸರ್ವರ್‌ನಿಂದ.

ಅದಕ್ಕೆ ಮೊದಲು ಸ್ವಲ್ಪ ಹಿಂದಿನ ಕತೆ. ಶಾನುಭೋಗರ ಕಾಲದಿಂದ ಗ್ರಾಮಲೆಕ್ಕಿಗರ ಕಾಲದವರೆಗೆ ನಮ್ಮ ಹೊಲಗದ್ದೆಗಳ ಲೆಕ್ಕವೆಲ್ಲ ಕೈಬರಹದಲ್ಲೇ ಇತ್ತು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು, ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದವು. ತಾಲ್ಲೂಕು ಕಚೇರಿಯ ಒಳಗೊಂದು ಸರ್ವರ್, ಹೊರಗೊಂದು ಕಿಟಕಿ. ಆಗ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಸಿಗುತ್ತಿತ್ತು. ದಾಖಲೆ ತಿದ್ದುವ ನೌಕರ ಬೆರಳಚ್ಚು ಕೊಟ್ಟೇ ಒಳಹೋಗಬೇಕು. ಕೈಬರಹದ ಪಹಣಿಗೆ ಮಾನ್ಯತೆಯೇ ಹೋಯಿತು. ಕಂಪ್ಯೂಟರಿನಿಂದ ಬಂದದ್ದು ಸುಳ್ಳಾಗದು ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಬೇರೂರಿದ್ದು ಆಗಲೇ.

ಅದೇ ನಂಬಿಕೆಯಲ್ಲಿ ಲೆಕ್ಕವನ್ನು ಯಂತ್ರಕ್ಕೆ ಹಾಕಿಕೊಂಡಿದ್ದ ಸಣ್ಣದೊಂದು ಸಾಲದ ಸಂಘ. 2009ರ ಬೇಸಿಗೆಯ ಕೊನೆಯಲ್ಲಿ ಗುಡುಗು ಮಳೆಗೆ ಅದರ ಸರ್ವರ್ ಸುಟ್ಟಿತು. ಮೂರು ವಾರದ ಮೇಲೆ ರಿಪೇರಿಯಾಗಿ ಬಂದದ್ದನ್ನು ನಾನೇ ಕೂರಿಸಿದೆ. ಸ್ವಿಚ್ ಒತ್ತಿದೊಡನೆ ಎದ್ದು ಕೂತಿತು. ಎಲ್ಲರಿಗೂ ಸಮಾಧಾನ. ನಾನು ಮಾತ್ರ ಜಾಲದ ಕೇಬಲ್ ಚುಚ್ಚಲಿಲ್ಲ.

ಕಾರಣವಿತ್ತು. ಕಾನ್ಫಿಕರ್ ಎಂಬ ವರ್ಮ್ ಹರಡುತ್ತಿದ್ದ ಕಾಲವದು. ಅದು ನುಸುಳುವ ಬಿರುಕನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ 2008ರ ಅಕ್ಟೋಬರ್‌ನಲ್ಲೇ ಕೊಟ್ಟಿತ್ತು. ಆದರೆ ಹಳೆಯ ಸಿಡಿಯಿಂದ ಹೊಸದಾಗಿ ವಿಂಡೋಸ್ ಹಾಕಿಸಿಕೊಂಡು ಬಂದ ಈ ಯಂತ್ರಕ್ಕೆ ಅದು ಸಿಕ್ಕಿರಲಿಲ್ಲ. ಕಾನ್ಫಿಕರ್ ಪೆನ್‌ಡ್ರೈವ್‌ನಿಂದಲೂ ಅಂಟುತ್ತಿದ್ದುದರಿಂದ ತೇಪೆಗಳನ್ನು ಸಿಡಿಗೆ ಬರೆದು ಒಯ್ದಿದ್ದೆ. ಅವನ್ನು ಹಾಕುವಾಗ ಮೂಲೆಯಲ್ಲಿದ್ದ ತಾರೀಖು ಕಣ್ಣಿಗೆ ಬಿತ್ತು: 2005, ಜನವರಿ 1. ಒಳಗಿನ ನಾಣ್ಯದಂಥ ಬ್ಯಾಟರಿ ಸತ್ತಿತ್ತು. ಹಾಗೇ ಬಿಟ್ಟಿದ್ದರೆ ಅಂದಿನ ರಸೀದಿಗಳಿಗೆಲ್ಲ ನಾಲ್ಕು ವರ್ಷ ಹಿಂದಿನ ತಾರೀಖು ಬೀಳುತ್ತಿತ್ತು.

ನನಗೆ ಆಗ ಬಳ್ಳಿಗಾವಿ ನೆನಪಾಯಿತು. ಅಲ್ಲಿನ ದಾನಶಾಸನ ಬರೆಸಿದವರು ಶಕವರ್ಷವೊಂದನ್ನೇ ನೆಚ್ಚಲಿಲ್ಲ; ಸಂವತ್ಸರ, ಮಾಸ, ತಿಥಿ, ವಾರ ಎಲ್ಲವನ್ನೂ ಕೆತ್ತಿಸಿದರು. ಒಂದು ಸವೆದರೆ ಇನ್ನೊಂದು ಸಾಕ್ಷಿ. ಬಿ. ಎಲ್. ರೈಸ್ 1902ರಲ್ಲಿ ಶಿಕಾರಿಪುರದ, 1904ರಲ್ಲಿ ಸೊರಬದ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಅಚ್ಚು ಹಾಕಿಸಿದ ಮೇಲೆ, ವಿದ್ವಾಂಸರು ಈ ಅಂಗಗಳನ್ನು ಒಂದಕ್ಕೊಂದು ತಾಳೆ ನೋಡಿಯೇ ಕಾಲವನ್ನು ಒಪ್ಪಿದ್ದು.

ಬ್ಯಾಟರಿ ಬದಲಿಸಿ ಗಡಿಯಾರ ಸರಿಮಾಡಿ ಕೇಬಲ್ಲಿಗೆ ಕೈ ಹಾಕಿದೆ. ಸಂಘದ ಹಿರಿಯ ಗುಮಾಸ್ತರು ತಡೆದರು. “ತಮ್ಮಾ, ಯಂತ್ರ ಎದ್ದಿದೆ, ಸರಿ. ಮೂರು ವಾರದ ಸುದ್ದಿ ಅದಕ್ಕೆ ಯಾರು ಹೇಳಿದಾರೆ?”

ನಾನು ನಾಚಿದೆ. ಬ್ಯಾಕಪ್ ಇದ್ದದ್ದು ಗುಡುಗಿನ ಹಿಂದಿನ ದಿನದ್ದು. ಆಮೇಲಿನ ಸಾಲ, ಜಮೆ ಎಲ್ಲ ಅವರ ಕೈಬರಹದ ಕಿರ್ದಿಯಲ್ಲಿತ್ತು. ಆ ದಿನಗಳಲ್ಲೇ ರೈತರೊಬ್ಬರು ಅಡಿಕೆ ಮಾರಿದ ಹಣದಲ್ಲಿ ಸಾಲ ಪೂರ್ತಿ ತೀರಿಸಿದ್ದರು. ಬಿತ್ತನೆಗೆ ಬೇರೆ ಕಡೆ ಸಾಲ ಪಡೆಯಲು ಬೇಬಾಕಿ ಪತ್ರಕ್ಕಾಗಿ ಅಂದೇ ಬಂದು ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಪರದೆಯ ಮೇಲೆ ಅವರಿನ್ನೂ ಸಾಲಗಾರರು. ಕೌಂಟರಿನ ಕಂಪ್ಯೂಟರುಗಳು ಕೇಳಿದರೆ ಸರ್ವರ್ ಹಾಗೆಂದೇ ಹೇಳುತ್ತಿತ್ತು.

ಗುಮಾಸ್ತರು ಓದಿದರು, ನಾನು ಟೈಪು ಮಾಡಿದೆ. ದಿನದಿನದ ಶಿಲ್ಕು ತಾಳೆಯಾಗದೆ ಮುಂದಿನ ಪುಟ ತಿರುವಲಿಲ್ಲ. ಒಂದು ಕಡೆ ಇಪ್ಪತ್ತು ರೂಪಾಯಿ ಹೆಚ್ಚು ಬಂತು. ತಪ್ಪು ನನ್ನ ಬೆರಳಿನದು, ಕಿರ್ದಿಯದಲ್ಲ. ಎಲ್ಲ ಮುಗಿದ ಮೇಲೆ ಒಂದೇ ಒಂದು ಕೌಂಟರಿಗೆ ಕೇಬಲ್ ಜೋಡಿಸಿ ಪರೀಕ್ಷಿಸಿ, ಆಮೇಲೆ ಉಳಿದವನ್ನು ಸೇರಿಸಿದೆ.

ಮೊದಲ ಮುದ್ರಣ ಆ ರೈತರ ಬೇಬಾಕಿ ಪತ್ರ. ಗುಮಾಸ್ತರು ಅದನ್ನು ಕಿರ್ದಿಯ ಪಕ್ಕ ಹಿಡಿದು ಎರಡು ಬಾರಿ ಓದಿ, ಸಹಿ ಹಾಕಿಸಿ ಕೊಟ್ಟರು. ರೈತರು ಮಡಿಸಿ ಜೇಬಿಗಿಟ್ಟುಕೊಂಡು, ಕೊನೆಯ ಬಸ್ಸಿಗೆ ಹೊತ್ತಾಯಿತೆಂದು ಎದ್ದರು.