ಪೈಥಾನ್ ಸ್ಕ್ರಿಪ್ಟ್ ಮೂಲಕ ರೂಟರ್ ಕಾನ್ಫಿಗರೇಶನ್

ಎಂಜಿನಿಯರ್ ಕೈಯಾರೆ ಟೈಪ್ ಮಾಡುವ ಕಮಾಂಡ್‌ಗಳನ್ನು ಪೈಥಾನ್ ಪ್ರೋಗ್ರಾಮ್ ಮೂಲಕ ರೂಟರ್‌ಗೆ ಕಳಿಸಿ, ಅದು ಕೊಡುವ ಉತ್ತರವನ್ನು ಪರಿಶೀಲಿಸುವ ವಿಧಾನ. ಒಂದೇ ಬದಲಾವಣೆಯನ್ನು ಹತ್ತಾರು ರೂಟರ್‌ಗಳಲ್ಲಿ ಮಾಡಬೇಕಾದಾಗ ಇದರಿಂದ ಸಮಯ ಉಳಿಯುತ್ತದೆ. ಕಮಾಂಡ್‌ನಲ್ಲಿ ತಪ್ಪಿದ್ದರೆ ಅದೂ ಅಷ್ಟೇ ಬೇಗ ಎಲ್ಲೆಡೆ ಹರಡುತ್ತದೆ. ಆದ್ದರಿಂದ ಹೊಸಬರು ಕಮಾಂಡ್ ಕಳಿಸುವುದಕ್ಕಿಂತ ಮೊದಲು ಉತ್ತರ ಓದುವುದನ್ನು ಕಲಿಯಬೇಕು.

ಹಿನ್ನೆಲೆ

ರೂಟರ್‌ನ ಕಮಾಂಡ್ ಲೈನ್ ರೂಪುಗೊಂಡದ್ದು ಮನುಷ್ಯರು ಓದಲೆಂದು. 1990ರಲ್ಲಿ ಡಾನ್ ಲೈಬ್ಸ್ ಪ್ರಕಟಿಸಿದ ಎಕ್ಸ್‌ಪೆಕ್ಟ್ ಎಂಬ ಪ್ರೋಗ್ರಾಮ್, ನಿರೀಕ್ಷಿತ ಪಠ್ಯ ಪರದೆಗೆ ಬರುವವರೆಗೆ ಕಾದು ಮುಂದಿನ ಸಾಲನ್ನು ಕಳಿಸುತ್ತಿತ್ತು. 1988ರ ಎಸ್‌ಎನ್‌ಎಂಪಿ ಪ್ರೋಟೋಕಾಲ್ ನಿಗಾ ವಹಿಸಲು ಒಗ್ಗಿತೇ ಹೊರತು ಕಾನ್ಫಿಗರೇಶನ್‌ಗೆ ಅಷ್ಟಾಗಿ ಒಗ್ಗಲಿಲ್ಲ. 2002ರಲ್ಲಿ ಇಂಟರ್‌ನೆಟ್ ಆರ್ಕಿಟೆಕ್ಚರ್ ಬೋರ್ಡ್ ನಡೆಸಿದ ಕಾರ್ಯಾಗಾರದಲ್ಲಿ ನೆಟ್‌ವರ್ಕ್ ನಿರ್ವಾಹಕರು ಈ ಕೊರತೆಯನ್ನು ಮುಂದಿಟ್ಟರು. ಅದರ ಬೆನ್ನಿಗೆ 2006ರಲ್ಲಿ ಕಾನ್ಫಿಗರೇಶನ್‌ಗೆಂದೇ ನೆಟ್‌ಕಾನ್ಫ್ ಪ್ರೋಟೋಕಾಲ್, 2010ರಲ್ಲಿ ಯಾಂಗ್ ಮಾದರಿ ಭಾಷೆ ಬಂದವು. ಆದರೂ ಹಳೆಯ ಸಾಧನಗಳ ಕಾರಣದಿಂದ ಪರದೆಯ ಪಠ್ಯವನ್ನು ಓದುವ ಪದ್ಧತಿ ಉಳಿದಿದೆ. ಪ್ಯಾರಾಮಿಕೋ ಎಂಬ ಎಸ್‌ಎಸ್‌ಎಚ್ ಲೈಬ್ರರಿಯನ್ನು ಆಧರಿಸಿ ಕರ್ಕ್ ಬೈಯರ್ಸ್ ರೂಪಿಸಿದ ನೆಟ್‌ಮಿಕೋ ಇದಕ್ಕೆ ಹೆಚ್ಚು ಬಳಕೆಯಲ್ಲಿದೆ.

ಕಾರ್ಯವಿಧಾನ

ಸಾಧನದ ಬಗೆ, ವಿಳಾಸ, ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಕೊಟ್ಟರೆ ನೆಟ್‌ಮಿಕೋ ಸಾಮಾನ್ಯವಾಗಿ 22ನೇ ಪೋರ್ಟ್‌ನಲ್ಲಿ ಸಂಪರ್ಕ ಪಡೆಯುತ್ತದೆ. ಉದ್ದದ ಉತ್ತರ ಪುಟಪುಟವಾಗಿ ನಿಲ್ಲದಂತೆ ಸಿಸ್ಕೊ ರೂಟರ್‌ಗಳ ಆಪರೇಟಿಂಗ್ ಸಿಸ್ಟಮ್ ಐಒಎಸ್‌ನಲ್ಲಿ 'ಟರ್ಮಿನಲ್ ಲೆಂತ್ 0' ಕಮಾಂಡನ್ನು ತಾನೇ ಕೊಡುತ್ತದೆ. ರೂಟರ್‌ನ ಹೆಸರು ಮತ್ತು ಅದರ ಮುಂದಿನ ಚಿಹ್ನೆ ಮರಳಿ ಕಂಡಾಗ ಉತ್ತರ ಮುಗಿಯಿತೆಂದು ತಿಳಿಯುತ್ತದೆ.

ತೊಡಕು ಇರುವುದು ಇಲ್ಲಿಯೇ. ಐಒಎಸ್‌ಗೆ ಕಮಾಂಡ್ ಅರ್ಥವಾಗದಿದ್ದರೆ ತಪ್ಪಿದ ಅಕ್ಷರದ ಕೆಳಗೆ ಬಾಣದ ತುದಿಯಂಥ ಗುರುತು ಹಾಕಿ, ಶೇಕಡಾ ಚಿಹ್ನೆಯಿಂದ ಶುರುವಾಗುವ ಒಂದು ಸಾಲನ್ನು ಬರೆಯುತ್ತದೆ. ಪೈಥಾನ್‌ಗೆ ಅದು ಬರೀ ಪಠ್ಯ. ದೋಷದ ನಮೂನೆಯನ್ನು ಮೊದಲೇ ಹೇಳಿಕೊಡದಿದ್ದರೆ ಸ್ಕ್ರಿಪ್ಟ್ ನಿಲ್ಲದೆ ಮುಂದಿನ ಸಾಲುಗಳನ್ನು ಕಳಿಸುತ್ತದೆ. ಇಂಟರ್‌ಫೇಸ್‌ನ ಹೆಸರು ತಪ್ಪಾಗಿದ್ದು, ಅದರ ನಂತರ 'ಶಟ್‌ಡೌನ್' ಇದ್ದರೆ, ಹಿಂದಿನ ಇಂಟರ್‌ಫೇಸ್ ಬಂದ್ ಆಗುವ ಸಾಧ್ಯತೆ ಇದೆ.

ಐಒಎಸ್‌ನಲ್ಲಿ ಪ್ರತಿ ಸಾಲೂ ಕೊಟ್ಟ ಕೂಡಲೇ ಜಾರಿಯಾಗುತ್ತದೆ. ಸೇವ್ ಮಾಡುವ ಮೊದಲೇ ರೀಸ್ಟಾರ್ಟ್ ಆದರೆ ಹಳೆಯ ಕಾನ್ಫಿಗರೇಶನ್ ಮರಳುತ್ತದೆ. ಸಂಪರ್ಕ ಕಡಿಯಬಹುದಾದ ಬದಲಾವಣೆಗೆ ಮುನ್ನ 10 ನಿಮಿಷದಲ್ಲಿ ರೂಟರ್ ರೀಸ್ಟಾರ್ಟ್ ಆಗುವಂತೆ 'ರಿಲೋಡ್ ಇನ್ 10' ಕೊಟ್ಟು, ಎಲ್ಲವೂ ಸರಿಯಿದ್ದರೆ ಅದನ್ನು ರದ್ದುಮಾಡಿ ಸೇವ್ ಮಾಡುವ ರೂಢಿ ಹುಟ್ಟಿದ್ದು ಈ ಗುಣದಿಂದಲೇ. ಜೂನಿಪರ್‌ನ ಜುನೋಸ್‌ನಲ್ಲಿ 'ಕಮಿಟ್ ಕನ್ಫರ್ಮ್ಡ್' ಇದೇ ಕೆಲಸವನ್ನು ರೀಸ್ಟಾರ್ಟ್ ಇಲ್ಲದೆ ಮಾಡುತ್ತದೆ: ಬೇರೆ ಅವಧಿ ಹೇಳದಿದ್ದರೆ, 10 ನಿಮಿಷದೊಳಗೆ ಮತ್ತೆ ಖಚಿತಪಡಿಸದ ಬದಲಾವಣೆ ಹಿಂದಕ್ಕೆ ಹೋಗುತ್ತದೆ.

ಕಲಿಕೆ

ಹಳೆಯ ಪಾಠಗಳಲ್ಲಿ ಕಾಣುವ ಟೆಲ್ನೆಟ್‌ಲಿಬ್ ಮಾಡ್ಯೂಲನ್ನು 2024ರ ಪೈಥಾನ್ 3.13ರಲ್ಲಿ ತೆಗೆದುಹಾಕಲಾಗಿದೆ. ಟೆಲ್ನೆಟ್ ಪಾಸ್‌ವರ್ಡನ್ನು ಬಯಲಾಗಿಯೇ ಸಾಗಿಸುವುದರಿಂದ ಇದನ್ನು ನಷ್ಟವೆನ್ನಲಾಗದು. ಪಾಸ್‌ವರ್ಡನ್ನು ಸ್ಕ್ರಿಪ್ಟ್‌ನಲ್ಲೇ ಬರೆಯುವ ಬದಲು ಗೆಟ್‌ಪಾಸ್ ಮಾಡ್ಯೂಲ್ ಮೂಲಕ ಕೇಳಿ ಪಡೆಯುವುದು ಮೇಲು. ಮೊದಲ ಸ್ಕ್ರಿಪ್ಟ್‌ಗಳು 'ಶೋ' ಕಮಾಂಡ್‌ಗಳಿಗೆ ಸೀಮಿತವಾಗಿರಲಿ: ಪ್ರತಿ ರೂಟರ್‌ನ ಕಾನ್ಫಿಗರೇಶನ್ ಓದಿ ಫೈಲ್‌ನಲ್ಲಿಡುವ ಕೆಲಸ ರೂಟರ್‌ನಲ್ಲಿ ಏನನ್ನೂ ಬದಲಿಸುವುದಿಲ್ಲ, ಮುಂದಿನ ಬದಲಾವಣೆಗೆ ಬೇಕಾದ ಬ್ಯಾಕಪ್ ಸಹ ಅದರಿಂದಲೇ ಸಿಗುತ್ತದೆ.