ತೊಗರಿ ಸೀಮೆಯಲ್ಲಿ ಪಾಲನಾ ಶೈಲಿಗಳು: ಗುಳೆ ಹೋಗುವ ಕುಟುಂಬಗಳ ಮಕ್ಕಳನ್ನು ಕುರಿತು

ಪೀಠಿಕೆ

ಅಮೆರಿಕದ ಮನೋವಿಜ್ಞಾನಿ ಡಯಾನಾ ಬೌಮ್‌ರಿಂಡ್ 1960ರ ದಶಕದಲ್ಲಿ ಶಾಲಾಪೂರ್ವ ಮಕ್ಕಳನ್ನೂ ಅವರ ತಂದೆತಾಯಿಯರನ್ನೂ ಅಭ್ಯಸಿಸಿ ಮೂರು ಪಾಲನಾ ಶೈಲಿಗಳನ್ನು ಗುರುತಿಸಿದರು: ಕಾರಣ ಹೇಳದೆ ವಿಧೇಯತೆ ಬಯಸುವ ನಿರಂಕುಶ ಶೈಲಿ, ಶಿಸ್ತಿನೊಡನೆ ಅಕ್ಕರೆಯನ್ನೂ ವಿವರಣೆಯನ್ನೂ ಕೊಡುವ ಸಮತೋಲಿತ ಶೈಲಿ, ಕೇಳಿದ್ದಕ್ಕೆಲ್ಲ ಒಪ್ಪುವ ಸಡಿಲ ಶೈಲಿ. 1983ರಲ್ಲಿ ಎಲಿನಾರ್ ಮ್ಯಾಕಬಿ ಮತ್ತು ಜಾನ್ ಮಾರ್ಟಿನ್ ಈ ಚೌಕಟ್ಟನ್ನು ವಿಸ್ತರಿಸಿದಾಗ ನಿರ್ಲಕ್ಷ್ಯದ ಶೈಲಿಯೂ ಸೇರಿತು. ಕಲಬುರಗಿ ಜಿಲ್ಲೆಯ ಗೊಬ್ಬೂರ ಮತ್ತು ಸುತ್ತಲಿನ ಅಫಜಲಪುರ, ಆಳಂದ, ಜೇವರ್ಗಿ ತಾಲ್ಲೂಕುಗಳ ಮನೆಗಳಿಗೆ ಈ ವಿಂಗಡಣೆ ಎಷ್ಟು ಹೊಂದುತ್ತದೆ ಎಂಬುದು ಇಲ್ಲಿನ ಪ್ರಶ್ನೆ.

ಒಂದು ಮಗು, ಎರಡು ಶೈಲಿ

ಮಳೆಯನ್ನೇ ನಂಬಿದ ತೊಗರಿ ರಾಶಿಯಾದ ಮೇಲೆ ಹೊಲದಲ್ಲಿ ಕೆಲಸ ಕಡಿಮೆ. ಅನೇಕ ಕುಟುಂಬಗಳು ಮುಂಬೈ, ಪುಣೆ, ಬೆಂಗಳೂರಿಗೆ ಗುಳೆ ಹೋಗುತ್ತವೆ. ಊರಲ್ಲಿ ಉಳಿದ ಮಕ್ಕಳು ಮುತ್ಯಾ, ಆಯಿಯರ, ಅಂದರೆ ಅಜ್ಜ-ಅಜ್ಜಿಯರ, ಮಡಿಲಲ್ಲಿ ಬೆಳೆಯುತ್ತಾರೆ. ಅಂಗಡಿ ತಿಂಡಿಗಾಗಿ ಮಗು ಹಟ ಹಿಡಿದರೆ ಆಯಿ ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿ ಕೊಡುತ್ತಾಳೆ. ಎಳ್ಳ ಅಮಾವಾಸ್ಯೆಗೆ ಊರಿಗೆ ಬಂದ ಅಪ್ಪ ಅದೇ ಹಟಕ್ಕೆ ಕೈ ಎತ್ತುತ್ತಾನೆ. ಆಗ ಮಗು ಕಲಿಯುವುದು ಎದುರಿಗಿರುವವರ ಮುಖ ನೋಡಿ ನಡೆಯುವುದನ್ನು. ಸರಿತಪ್ಪು ತೂಗಿ ನೋಡುವುದನ್ನಲ್ಲ. ಒಬ್ಬೊಬ್ಬ ಪಾಲಕರಿಗೆ ಒಂದೊಂದು ಶೈಲಿಯ ಹೆಸರಿಟ್ಟರೆ ಈ ಸಂಗತಿ ಕಣ್ಣಿಗೆ ಬೀಳುವುದಿಲ್ಲ.

ಪರಿಣಾಮಗಳು

ನಿರಂಕುಶ ಪಾಲನೆಯಲ್ಲಿ ಬೆಳೆದ ಮಕ್ಕಳಲ್ಲಿ ಅಸಮಾಧಾನ, ಹಿಂಜರಿಕೆಗಳನ್ನೂ ಸಡಿಲ ಪಾಲನೆಯಲ್ಲಿ ಬೆಳೆದವರಲ್ಲಿ ಸ್ವನಿಯಂತ್ರಣದ ಕೊರತೆಯನ್ನೂ ಬೌಮ್‌ರಿಂಡ್ ಕಂಡರು. ಆದರೆ ಇದನ್ನು ಎಲ್ಲ ಸಮಾಜಗಳಿಗೂ ಹಾಗೆಯೇ ಅನ್ವಯಿಸಲಾಗದು. ಚೀನಿ ಮೂಲದ ಕುಟುಂಬಗಳಲ್ಲಿ ಕಟ್ಟುನಿಟ್ಟೂ ಕಾಳಜಿಯ ರೂಪವೇ ಆಗಿರಬಹುದೆಂದು ರೂತ್ ಚಾವೊ 1994ರಲ್ಲಿ ತೋರಿಸಿದರು. ಹಾಗೆಯೇ, ಮಗುವಿನ ಓದಿಗೆಂದು ಗುಳೆ ಹೋಗಿ ಕಟ್ಟಡ ಕೆಲಸದ ಶೆಡ್ಡಿನಲ್ಲಿ ಮಲಗುವ ತಂದೆತಾಯಿಯರನ್ನು ನಿರ್ಲಕ್ಷ್ಯದ ಪಟ್ಟಿಗೆ ಸೇರಿಸುವುದು ಅನ್ಯಾಯ. ದೂರವಿರುವುದೇ ನಿರ್ಲಕ್ಷ್ಯವಲ್ಲ. ಹೊಡೆತವನ್ನು ಮಾತ್ರ ಕಾಳಜಿ ಎನ್ನಲಾಗದು: 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ, ಮನೆಗೂ ಅದೇ ಮೇಲ್ಪಂಕ್ತಿಯಾಗಬೇಕು.

ಉಪಸಂಹಾರ

ಈ ಸೀಮೆಯ ಮಕ್ಕಳಿಗೆ ಹೆಚ್ಚು ಹಾನಿ ಮಾಡುವುದು ಹಿರಿಯರ ನಡುವಿನ ಹೊಂದಾಣಿಕೆಯ ಕೊರತೆ ಎಂಬುದು ಈ ಲೇಖನದ ನಿಲುವು. ಗುಳೆ ಹೊರಡುವ ಮುನ್ನ ಶಾಲೆ, ದುಡ್ಡು, ಮೊಬೈಲ್ ಬಗ್ಗೆ ಅಪ್ಪ, ಅವ್ವ, ಆಯಿ, ಮುತ್ಯಾ ಕೂತು ಒಂದೇ ಮಾತಿಗೆ ಬರಲಿ. ಅದರ ಕಾರಣವನ್ನು ಮಗುವಿಗೂ ತಿಳಿಸಲಿ. ಶಿಕ್ಷಕರೂ ಪೋಷಕರ ಸಭೆಗೆ ಅಜ್ಜ-ಅಜ್ಜಿಯರನ್ನು ಕರೆಯಬೇಕು. ವರ್ಷದ ಬಹುಭಾಗ ನಿಜವಾದ ಪಾಲಕರು ಅವರೇ.