ಮಕ್ಕಳ ಹೆಸರಿನ ಮನೆ

ಕ್ಯಾಲಿಫೋರ್ನಿಯಾದ 1913ರ ಭೂಕಾಯ್ದೆಯಲ್ಲಿ ‘ಜಪಾನೀಯರು’ ಎಂಬ ಪದವೇ ಇಲ್ಲ. ‘ಪೌರತ್ವಕ್ಕೆ ಅನರ್ಹರಾದ ವಿದೇಶಿಯರು’ ಜಮೀನು ಕೊಳ್ಳುವಂತಿಲ್ಲ ಎಂದಷ್ಟೇ ಇದೆ. ಏಷ್ಯಾದಿಂದ ವಲಸೆ ಬಂದ ಬಹುತೇಕರಿಗೆ ಆಗ ಪೌರತ್ವ ಕೊಡುತ್ತಿರಲಿಲ್ಲವಲ್ಲ!

ರಿವರ್‌ಸೈಡ್ ಊರಿನಲ್ಲಿ ಹೋಟೆಲು ನಡೆಸುತ್ತಿದ್ದ ಜುಕಿಚಿ ಹರಾದಾ, ಬಾಡಿಗೆ ಕೋಣೆಗಳ ಇಕ್ಕಟ್ಟಿನಲ್ಲಿ ಮಗನೊಬ್ಬ ಡಿಫ್ತೀರಿಯಾದಿಂದ ತೀರಿಕೊಂಡ ಮೇಲೆ, 1915ರಲ್ಲಿ ಮನೆ ಕೊಂಡ. ಕ್ರಯಪತ್ರ ಮಾತ್ರ ಅಮೆರಿಕದಲ್ಲೇ ಹುಟ್ಟಿದ ಮೂವರು ಮಕ್ಕಳ ಹೆಸರಿಗೆ. ನೆರೆಯವರು ತಕರಾರು ತೆಗೆದರು, ಸರ್ಕಾರ ದಾವೆ ಹೂಡಿತು. 1918ರಲ್ಲಿ ನ್ಯಾಯಾಲಯ ಮಕ್ಕಳ ಹಕ್ಕನ್ನು ಎತ್ತಿಹಿಡಿಯಿತು. ಕಾಯ್ದೆ ಹಾಗೆಯೇ ಉಳಿಯಿತು.

ಇದನ್ನು ಗೆಲುವೆಂದು ಬರೆಯಲು ನನಗೆ ಕೈ ಬರುವುದಿಲ್ಲ. 1942ರಲ್ಲಿ ಜಪಾನಿ ಮೂಲದವರನ್ನೆಲ್ಲ ಶಿಬಿರಗಳಿಗೆ ಅಟ್ಟಿದಾಗ ಮಕ್ಕಳ ಪೌರತ್ವವೂ ಕಾಯಲಿಲ್ಲ. ಹರಾದಾ ಮತ್ತು ಹೆಂಡತಿ ಕೆನ್ ಯೂಟಾದ ಟೋಪಾಜ್ ಶಿಬಿರದಲ್ಲೇ ತೀರಿಕೊಂಡರು. ಕ್ರಯಪತ್ರದಲ್ಲಿ ಹೆಸರಿದ್ದ ಮಗಳು ಸುಮಿ ಯುದ್ಧ ಮುಗಿದ ಮೇಲೆ ಅದೇ ಮನೆಗೆ ಮರಳಿದಳು. ಶಿಬಿರಗಳಿಂದ ಬಂದ, ಸೂರಿಲ್ಲದ ಜಪಾನಿ ಕುಟುಂಬಗಳಿಗೆ ಅಲ್ಲಿ ಕೋಣೆಗಳನ್ನು ಬಾಡಿಗೆಗೆ ಬಿಟ್ಟಳು.